ಗರ್ಭನಿರೋಧಕ ಚೋದಕಗಳೂ ಮನಃಕ್ಲೇಶಕ್ಕೆ ಶರೀರವು ತೋರುವ ಪ್ರತಿಕ್ರಿಯೆಯೂ

೧. ವಿಷಯಪ್ರವೇಶ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳೂ ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದವು. ಆ ಸಂಸ್ಥಾನದ ಸರಕಾರವು ೧೯೩೦ನೆಯ ಇಸವಿಯಲ್ಲಿಯೇ ಬೆಂಗಳೂರು ಮೈಸೂರುಗಳ ಆಸ್ಪತ್ರೆಗಳಲ್ಲಿ ಸಂತಾನನಿಯಮನದ ಚಿಕಿತ್ಸಾಲಯಗಳನ್ನು ತೆರೆಯಿಸಿತು. ಸರಕಾರವೇ ಮುಂದೆ ನಿಂತು ನಡೆಸಿದ ಇಂತಹ ಚಿಕಿತ್ಸಾಲಯಗಳಲ್ಲಿ ಇವು ಜಗತ್ತಿನಲ್ಲಿಯೇ ಮೊದಲನೆಯ ಸಾಲಿನವೆಂದು ಎಣಿಸಲ್ಪಟ್ಟಿವೆ. ಭಾರತ ಸರಕಾರದ ಕುಟುಂಬಯೋಜನೆಯು ಆರಂಭವಾದುದು ಅನಂತರ, ೧೯೫೨ರಲ್ಲಿ. ಅಂದು ಮೈಸೂರಿನ ಚಿಕಿತ್ಸಾಲಯಗಳಲ್ಲಿ ದೊರೆಯುತ್ತಿದ್ದ ಉಪಾಯಗಳೆಲ್ಲವೂ ಬಾಹ್ಯವಾದವು. ಶರೀರದೊಳಗಿನ ರಸಗಳನ್ನೇ ಮಾರ್ಪಡಿಸಿ ಗರ್ಭವನ್ನು ತಡೆಯುವ ಔಷಧವು ಆಗಿನ್ನೂ ಹುಟ್ಟಿರಲಿಲ್ಲ. ಅಂತಹ ಔಷಧಕ್ಕೆ ಬೇಕಾದ ಕೃತಕದ್ರವ್ಯವೊಂದು ಸಿದ್ಧವಾದುದು ೧೯೫೧ರಲ್ಲಿ, ಮೆಕ್ಸಿಕೊ ದೇಶದಲ್ಲಿ. ಮಾತ್ರೆಯ ರೂಪದ ಗರ್ಭನಿರೋಧಕಕ್ಕೆ ಅಮೆರಿಕದ ಸರಕಾರವು ಅನುಮತಿ ಕೊಟ್ಟುದು ೧೯೬೦ರಲ್ಲಿ.

ಇಂದು ಅದೇ ಜಾತಿಯ ಮಾತ್ರೆಯು ಗ್ರಾಮದ ಆಶಾ ಕಾರ್ಯಕರ್ತೆಯ ಚೀಲದಲ್ಲಿಯೇ ದೊರೆಯುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುವ ಸೂಜಿಮದ್ದೂ ಸರಕಾರದ ಕಾರ್ಯಕ್ರಮದಲ್ಲಿ ಸೇರಿದೆ. ಹೀಗಿರುವಲ್ಲಿ ಒಂದು ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಗರ್ಭವನ್ನು ತಡೆಯುವ ಚೋದಕದ್ರವ್ಯಗಳು ಮಸ್ತಿಷ್ಕದ ಯಾವ ಸ್ಥಾನವನ್ನು ಮುಟ್ಟುತ್ತವೆಯೋ, ಭಯ ದುಃಖ ಚಿಂತೆಗಳಿಗೆ ಶರೀರವು ಉತ್ತರ ಕೊಡುವುದೂ ಅದೇ ಸ್ಥಾನದ ಮೂಲಕವೇ. ಒಂದನ್ನು ತಡೆದರೆ ಇನ್ನೊಂದು ಏನಾಗುತ್ತದೆ? ಮಾತ್ರೆಯನ್ನು ಸೇವಿಸುವವಳ ಶರೀರವು ಮನಃಕ್ಲೇಶವನ್ನು ಬೇರೆಯ ಬಗೆಯಲ್ಲಿ ಎದುರಿಸುತ್ತದೆಯೇ? ಈ ಪ್ರಶ್ನೆಗೆ ಸುಮಾರು ಮೂವತ್ತು ವರ್ಷಗಳಿಂದ ನಡೆದಿರುವ ಪರೀಕ್ಷೆಗಳ ಸಾರವನ್ನೂ, ಆ ಪರೀಕ್ಷೆಗಳನ್ನು ಓದುವಾಗ ಆಗಬಹುದಾದ ಪ್ರಮಾದವನ್ನೂ ನಿರೂಪಿಸುವುದೇ ಈ ಲೇಖನದ ಉದ್ದೇಶ.

೨. ಶಬ್ದವಿಚಾರ

ಮೊದಲು ಪರಿಭಾಷೆಯನ್ನು ಸ್ಥಿರಪಡಿಸಿಕೊಳ್ಳುವುದು ಯುಕ್ತ. ಇಂಗ್ಲಿಷಿನ ‘ಸ್ಟ್ರೆಸ್’ ಎಂಬ ಶಬ್ದವು ಯಂತ್ರಶಾಸ್ತ್ರದಿಂದ ಶರೀರಶಾಸ್ತ್ರಕ್ಕೆ ಬಂದುದು. ಅದನ್ನು ಕನ್ನಡದಲ್ಲಿ ‘ಒತ್ತಡ’ ಎನ್ನುವ ರೂಢಿ ಬಿದ್ದಿದೆ. ಆದರೆ ರಕ್ತದ ಒತ್ತಡವೂ ಒತ್ತಡವೇ, ಮನಸ್ಸಿನ ಒತ್ತಡವೂ ಒತ್ತಡವೇ ಆದಾಗ ರೋಗಿಗೂ ವೈದ್ಯನಿಗೂ ನಡುವೆ ಗೊಂದಲವುಂಟಾಗುತ್ತದೆ. ಆಡುಮಾತಿನಲ್ಲಿ ಇದಕ್ಕೆ ಸಮೃದ್ಧವಾದ ಪದಗಳಿವೆ: ಯೋಚನೆ, ತಳಮಳ, ಬೇಗುದಿ, ಎದೆಗುದಿ, ಸಂಕಟ. ‘ಯೋಚನೆ ಹತ್ತಿದೆ’ ಎಂದು ಹೆಂಗಸು ಹೇಳಿದರೆ ಅದು ಆಲೋಚನೆಯಲ್ಲ, ಚಿಂತೆ. ಈ ಲೇಖನದಲ್ಲಿ ಮನಸ್ಸು ಅನುಭವಿಸುವುದನ್ನು ‘ಮನಃಕ್ಲೇಶ’ವೆಂದೂ, ಅದಕ್ಕೆ ಶರೀರವು ಕೊಡುವ ಉತ್ತರವನ್ನು ‘ಪ್ರತಿಕ್ರಿಯೆ’ಯೆಂದೂ ಬೇರ್ಪಡಿಸಿ ಹೇಳಿದೆ. ಈ ಎರಡನ್ನೂ ಒಂದೇ ಶಬ್ದದಿಂದ ಕರೆಯುವುದರಿಂದಲೇ ಮುಂದೆ ತೋರಿಸುವ ಪ್ರಮಾದವು ಹುಟ್ಟುತ್ತದೆ.

‘ಹಾರ್ಮೋನು’ ಎಂಬುದಕ್ಕೆ ‘ಚೋದಕ’ವೆಂಬ ಪದವು ಅನ್ವರ್ಥಕವಾಗಿದೆ. ನಿರ್ನಾಳ ಗ್ರಂಥಿಗಳು ರಕ್ತಕ್ಕೆ ಬಿಡುವ ಈ ದ್ರವ್ಯಗಳು ದೂರದ ಅಂಗಗಳನ್ನು ಪ್ರಚೋದಿಸಿ ಅವುಗಳಿಂದ ಕೆಲಸಮಾಡಿಸುತ್ತವೆ.

ಮೂರನೆಯದು ‘ಗರ್ಭನಿರೋಧಕ’ವೆಂಬ ಶಬ್ದ. ಇದು ಫಲವನ್ನು ಹೇಳುತ್ತದೆಯೇ ಹೊರತು ಸ್ವರೂಪವನ್ನಲ್ಲ. ಸರಕಾರದ ಕಾರ್ಯಕ್ರಮದಲ್ಲಿ ದೊರೆಯುವ ಔಷಧಗಳನ್ನೇ ನೋಡಿದರೆ ಒಂದೇ ಹೆಸರಿನ ಕೆಳಗೆ ಮೂರು ಭಿನ್ನವಸ್ತುಗಳಿವೆ. ‘ಮಾಲಾ-ಎನ್’ ಎಂಬ ಮಾತ್ರೆಯಲ್ಲಿ ೦.೧೫ ಮಿಲಿಗ್ರಾಂ ಲೆವೊನಾರ್‌ಜೆಸ್ಟ್ರೆಲ್, ೦.೦೩ ಮಿಲಿಗ್ರಾಂ ಎಥಿನೈಲ್ ಈಸ್ಟ್ರಡಯಾಲ್ ಎಂಬ ಎರಡು ಕೃತಕ ಚೋದಕಗಳಿವೆ; ೨೧ ದಿನ ಇವನ್ನೂ ೭ ದಿನ ಕಬ್ಬಿಣಸತ್ತ್ವದ ಮಾತ್ರೆಗಳನ್ನೂ ಸೇವಿಸಬೇಕು. ೨೦೧೭ರಲ್ಲಿ ಸರಕಾರವು ‘ಅಂತರಾ’ ಎಂಬ ಹೆಸರಿನಿಂದ ಹಂಚತೊಡಗಿದ ಸೂಜಿಮದ್ದಿನಲ್ಲಿ ಮೆಡ್ರಾಕ್ಸಿಪ್ರೊಜೆಸ್ಟಿರೋನ್ ಎಂಬ ಒಂದೇ ಚೋದಕವು ೧೫೦ ಮಿಲಿಗ್ರಾಂ ಇರುತ್ತದೆ, ಈಸ್ಟ್ರೊಜೆನ್ ಇಲ್ಲ. ‘ಛಾಯಾ’ ಎಂಬ ಮಾತ್ರೆಯು ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದ ಸೆಂಟ್‌ಕ್ರೋಮನ್. ೧೯೯೧ರಿಂದ ‘ಸಹೇಲಿ’ಯೆಂಬ ಹೆಸರಿನಲ್ಲಿ ಮಾರಾಟದಲ್ಲಿದ್ದುದೂ ಇದೇ. ಇದು ಚೋದಕವೇ ಅಲ್ಲ. ಈಸ್ಟ್ರೊಜೆನ್ ಕೂರುವ ಪೀಠದಲ್ಲಿ ತಾನು ಕುಳಿತು ಕಾರ್ಯವನ್ನು ಮಾರ್ಪಡಿಸುವ ದ್ರವ್ಯ. ಆದಕಾರಣ ‘ಗರ್ಭನಿರೋಧಕವು ಮನಸ್ಸಿಗೆ ಹೀಗೆ ಮಾಡುತ್ತದೆ’ ಎಂದು ಒಟ್ಟಾಗಿ ಹೇಳುವ ಯಾವ ವಾಕ್ಯವೂ ಸಾಧುವಲ್ಲ. ಯಾವ ಗರ್ಭನಿರೋಧಕವೆಂದು ಮೊದಲು ಕೇಳಬೇಕು.

೩. ಕ್ಲೇಶಕ್ಕೆ ಶರೀರದ ಉತ್ತರ

ಭಯವಾದೊಡನೆ ಎದೆ ಬಡಿದುಕೊಳ್ಳುವುದು, ಅಂಗೈ ಬೆವರುವುದು, ಬಾಯಿ ಒಣಗುವುದು ಸರ್ವರ ಅನುಭವ. ಇದು ನರಗಳ ಮೂಲಕವೂ ಅಡ್ರಿನಲಿನ್ ಎಂಬ ಚೋದಕದ ಮೂಲಕವೂ ಕ್ಷಣಾರ್ಧದಲ್ಲಿ ನಡೆಯುವ ಪ್ರತಿಕ್ರಿಯೆ. ಅಮೆರಿಕದ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞನು ೧೯೧೫ರಲ್ಲಿ ಇದನ್ನು ಹೋರಾಟಕ್ಕೋ ಪಲಾಯನಕ್ಕೋ ಶರೀರವು ಮಾಡಿಕೊಳ್ಳುವ ಸಿದ್ಧತೆಯೆಂದು ವಿವರಿಸಿದನು.

ಇದರ ಹಿಂದೆಯೇ ಇನ್ನೊಂದು ನಿಧಾನವಾದ ಪ್ರತಿಕ್ರಿಯೆಯು ಹೊರಡುತ್ತದೆ. ಮಸ್ತಿಷ್ಕದ ಅಡಿಭಾಗದಲ್ಲಿರುವ ಹೈಪೊಥಲಮಸ್ ಎಂಬ ಸ್ಥಾನವು ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಒಂದು ಚೋದಕವನ್ನು ಕಳುಹಿಸುತ್ತದೆ. ಪಿಟ್ಯುಟರಿಯು ಎಸಿಟಿಎಚ್ ಎಂಬ ಎರಡನೆಯ ಚೋದಕವನ್ನು ರಕ್ತಕ್ಕೆ ಬಿಡುತ್ತದೆ. ಅದು ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ಮುಟ್ಟಿ ಕಾರ್ಟಿಸಾಲ್ ಎಂಬ ಮೂರನೆಯ ಚೋದಕವನ್ನು ಹೊರಡಿಸುತ್ತದೆ. ಕ್ಲೇಶವು ತಗುಲಿದ ಸುಮಾರು ೨೦–೩೦ ನಿಮಿಷಗಳಲ್ಲಿ ಲಾಲಾರಸದ ಕಾರ್ಟಿಸಾಲ್ ತುತ್ತತುದಿಗೆ ಏರುತ್ತದೆ. ಇದು ರಕ್ತದಲ್ಲಿ ಸಕ್ಕರೆಯನ್ನು ಒದಗಿಸುತ್ತದೆ, ಉರಿಯೂತವನ್ನು ಅಡಗಿಸುತ್ತದೆ. ಬಳಿಕ ಹಿಂದಿರುಗಿ ಹೈಪೊಥಲಮಸನ್ನೇ ಮುಟ್ಟಿ ‘ಇನ್ನು ಸಾಕು’ ಎಂದು ತಿಳಿಸುತ್ತದೆ. ಕ್ಲೇಶವಿಲ್ಲದ ದಿನದಲ್ಲಿಯೂ ಕಾರ್ಟಿಸಾಲ್ ಬೆಳಗ್ಗೆ ಎದ್ದೊಡನೆ ಏರಿ ರಾತ್ರಿಗೆ ಇಳಿಯುವುದುಂಟು. ವಿವಿಧವಾದ ಆಘಾತಗಳಿಗೆ ಶರೀರವು ಒಂದೇ ತೆರನಾದ ಉತ್ತರವನ್ನು ಕೊಡುತ್ತದೆಂಬ ವಾದವನ್ನು ಹಾನ್ಸ್ ಸೆಲ್ಯೆ ಎಂಬಾತನು ೧೯೩೬ರಲ್ಲಿ ಪ್ರಕಟಿಸಿದಂದಿನಿಂದ ಈ ಶಾಸ್ತ್ರಭಾಗವು ಬೆಳೆದಿದೆ.

ಮನಸ್ಸಿಗೂ ಗರ್ಭಕ್ಕೂ ಸಂಬಂಧವನ್ನು ಹೇಳುವುದು ಆಯುರ್ವೇದಕ್ಕೆ ಹೊಸದೇನೂ ಅಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ೨೫ನೆಯ ಅಧ್ಯಾಯದಲ್ಲಿ ಒಂದೊಂದು ಕಾರ್ಯಕ್ಕೂ ಅತ್ಯಂತ ಶ್ರೇಷ್ಠವಾದುದನ್ನು ಎಣಿಸುವಾಗ ಗರ್ಭಧಾರಣಕ್ಕೆ ಸೌಮನಸ್ಯವೂ, ರೋಗವನ್ನು ಬೆಳೆಸುವುದರಲ್ಲಿ ವಿಷಾದವೂ ಅಗ್ರಸ್ಥಾನವನ್ನು ಪಡೆದಿವೆ. ಚರಕನಿಗೆ ಕಾರ್ಟಿಸಾಲ್ ಗೊತ್ತಿತ್ತೆಂದು ಇದರಿಂದ ಸಾಧಿಸಹೊರಡುವುದು ಹಾಸ್ಯಾಸ್ಪದ. ರೋಗಿಯ ಮನಸ್ಸನ್ನು ಕೇಳದೆ ಗರ್ಭದ ಚಿಕಿತ್ಸೆಯನ್ನು ಮಾಡಬಾರದೆಂಬ ವಿವೇಕವು ಅವನಿಗಿತ್ತೆಂಬಷ್ಟೇ ಇಲ್ಲಿ ಗ್ರಾಹ್ಯ.

೪. ಗರ್ಭನಿರೋಧದ ಮಾರ್ಗ

ಪ್ರತಿ ತಿಂಗಳೂ ಅಂಡವು ಪಕ್ವವಾಗಿ ಹೊರಬೀಳುವುದಕ್ಕೂ ಆಜ್ಞೆ ಹೊರಡುವುದು ಹೈಪೊಥಲಮಸಿನಿಂದಲೇ. ಅದು ಬೇರೊಂದು ಚೋದಕದ ಮೂಲಕ ಪಿಟ್ಯುಟರಿಗೆ ಹೇಳುತ್ತದೆ. ಪಿಟ್ಯುಟರಿಯು ಅಂಡಾಶಯಕ್ಕೆ ಹೇಳುತ್ತದೆ. ಅಂಡಾಶಯದಿಂದ ಈಸ್ಟ್ರೊಜೆನ್, ಪ್ರೊಜೆಸ್ಟಿರೋನ್‌ಗಳು ಹೊರಡುತ್ತವೆ. ಹೊರಗಿನಿಂದ ಇವೇ ಜಾತಿಯ ಚೋದಕಗಳನ್ನು ಪ್ರತಿದಿನವೂ ಕೊಟ್ಟರೆ, ಬೇಕಾದುದೆಲ್ಲವೂ ಇದೆಯೆಂದು ಹೈಪೊಥಲಮಸ್ ತಿಳಿದು ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ, ಅಂಡವು ಹೊರಬೀಳುವುದಿಲ್ಲ. ಗರ್ಭಾಶಯದ ಮುಖದ ಲೋಳೆಯು ಗಟ್ಟಿಯಾಗಿ ವೀರ್ಯಾಣುವಿನ ದಾರಿಯೂ ಕಟ್ಟುತ್ತದೆ.

ಅಂತು ಎರಡು ಮಾರ್ಗಗಳು, ಒಂದೇ ಮೂಲ. ಈ ಎರಡೂ ಒಂದನ್ನೊಂದು ಪ್ರಭಾವಗೊಳಿಸುವುದು ಮಾತ್ರೆಯಿಲ್ಲದಾಗಲೂ ಕಾಣುತ್ತದೆ. ತೀವ್ರವಾದ ದುಃಖದಲ್ಲಿಯೂ ಬಹುಕಾಲದ ಉಪವಾಸದಲ್ಲಿಯೂ ಹೆಂಗಸಿಗೆ ಮುಟ್ಟು ತಪ್ಪುವುದುಂಟು. ಕ್ಲೇಶದ ಮಾರ್ಗವು ಎಚ್ಚತ್ತಾಗ ಸಂತಾನದ ಮಾರ್ಗವು ಮಂದವಾಗುವುದೇ ಇದರ ಕಾರಣ. ಇದರ ವಿಪರ್ಯಾಸವೇ ಈಗಿನ ಪ್ರಶ್ನೆ: ಸಂತಾನದ ಮಾರ್ಗವನ್ನು ಔಷಧದಿಂದ ಮಲಗಿಸಿದರೆ ಕ್ಲೇಶದ ಮಾರ್ಗಕ್ಕೆ ಏನಾಗುತ್ತದೆ?

೫. ಟ್ರಿಯರ್ ನಗರದ ಪರೀಕ್ಷೆ

ಮನಃಕ್ಲೇಶವನ್ನು ಪರೀಕ್ಷಾಲಯದಲ್ಲಿ ಉಂಟುಮಾಡುವುದು ಸುಲಭವಲ್ಲ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಕಿರ್ಷ್‌ಬಾಮ್, ಪಿರ್ಕೆ, ಹೆಲ್‌ಹ್ಯಾಮರ್ ಎಂಬ ಮೂವರು ೧೯೯೩ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಪರೀಕ್ಷಾರ್ಥಿಯು ಮುಖದಲ್ಲಿ ಯಾವ ಭಾವವನ್ನೂ ತೋರದೆ ಕುಳಿತ ಪರೀಕ್ಷಕರ ಮುಂದೆ ನಿಂತು ೫ ನಿಮಿಷ ತನ್ನ ಯೋಗ್ಯತೆಯನ್ನು ಕುರಿತು ಮಾತನಾಡಬೇಕು. ಬಳಿಕ ೫ ನಿಮಿಷ ೧೦೨೨ರಿಂದ ಹದಿಮೂರು ಹದಿಮೂರಾಗಿ ಕಳೆಯುತ್ತ ಬಾಯಿಲೆಕ್ಕ ಹೇಳಬೇಕು. ತಪ್ಪಿದರೆ ಮೊದಲಿನಿಂದ ಹೇಳಬೇಕು. ವಾಕ್ಯಾರ್ಥಗೋಷ್ಠಿಯಲ್ಲಿ ಮೊದಲ ಸಲ ಎದ್ದು ನಿಂತ ವಿದ್ಯಾರ್ಥಿಯ ಅವಸ್ಥೆಯನ್ನು ಕಂಡವರಿಗೆ ಈ ವಿಧಾನದ ಬಲವು ಸುಲಭವಾಗಿ ತಿಳಿಯುತ್ತದೆ. ಇದಕ್ಕೆ ಮೊದಲೂ ಅನಂತರವೂ ಲಾಲಾರಸವನ್ನು ತೆಗೆದು ಅದರಲ್ಲಿರುವ ಕಾರ್ಟಿಸಾಲನ್ನು ಅಳೆಯುತ್ತಾರೆ.

೧೯೯೫ರಲ್ಲಿ ಇದೇ ಪಂಡಿತರು, ಗರ್ಭನಿರೋಧಕ ಮಾತ್ರೆಯನ್ನು ಸೇವಿಸುತ್ತಿದ್ದ ಸ್ತ್ರೀಯರಲ್ಲಿ ಕಾರ್ಟಿಸಾಲ್ ಕಡಿಮೆಯಾಗಿ ಏರುತ್ತದೆಂದು ಮೊದಲ ಸೂಚನೆಯನ್ನು ಕೊಟ್ಟರು. ೧೯೯೯ರಲ್ಲಿ ಇವರೂ ಇವರ ಸಂಗಡಿಗರೂ ಇನ್ನೂ ವಿಸ್ತಾರವಾದ ಪರೀಕ್ಷೆಯನ್ನು ಪ್ರಕಟಿಸಿದರು. ಅದರಲ್ಲಿ ನಾಲ್ಕು ವರ್ಗಗಳಿದ್ದವು: ಪುರುಷರು, ಅಂಡವು ಬೀಳುವುದಕ್ಕೆ ಮೊದಲಿನ ಪಕ್ಷದಲ್ಲಿದ್ದ ಸ್ತ್ರೀಯರು, ಅನಂತರದ ಪಕ್ಷದಲ್ಲಿದ್ದ ಸ್ತ್ರೀಯರು, ಮಾತ್ರೆಯನ್ನು ಸೇವಿಸುತ್ತಿದ್ದ ಸ್ತ್ರೀಯರು. ಕಂಡುಬಂದುದು ಹೀಗೆ. ಪಿಟ್ಯುಟರಿಯಿಂದ ಹೊರಡುವ ಎಸಿಟಿಎಚ್ ಪುರುಷರಲ್ಲಿ ಹೆಚ್ಚಾಗಿ ಏರಿತು. ಸ್ತ್ರೀಯರು ಮುಟ್ಟಿನ ಯಾವ ಪಕ್ಷದಲ್ಲಿರಲಿ, ಮಾತ್ರೆಯನ್ನು ಸೇವಿಸುತ್ತಿರಲಿ, ಅವರಲ್ಲಿ ಅದಕ್ಕಿಂತ ಕಡಿಮೆಯಾಗಿಯೇ ಏರಿತು. ರಕ್ತದ ಒಟ್ಟು ಕಾರ್ಟಿಸಾಲಿನ ಏರಿಕೆಯಲ್ಲಿ ನಾಲ್ಕು ವರ್ಗಗಳಿಗೂ ಭೇದವು ಕಾಣಲಿಲ್ಲ. ಲಾಲಾರಸದ ಕಾರ್ಟಿಸಾಲಿನಲ್ಲಿ ಮಾತ್ರ ಪುರುಷರೂ ಎರಡನೆಯ ಪಕ್ಷದ ಸ್ತ್ರೀಯರೂ ಸಮನಾಗಿದ್ದರು. ಮೊದಲನೆಯ ಪಕ್ಷದವರಲ್ಲಿಯೂ ಮಾತ್ರೆಯವರಲ್ಲಿಯೂ ಏರಿಕೆ ಕಡಿಮೆಯಾಗಿತ್ತು. ಮಾತ್ರೆಯ ವಿಷಯದಲ್ಲಿ ಇದೇ ಫಲವನ್ನು ಅನಂತರ ಅನೇಕರು ಬೇರೆ ಬೇರೆ ದೇಶಗಳಲ್ಲಿ ಕಂಡಿದ್ದಾರೆ.

ಗ್ರಂಥಿಯು ಹೊರಡಿಸಿದುದು ಸಮ, ಬಾಯಿಯಲ್ಲಿ ಕಂಡುದು ಕಡಿಮೆ. ನಡುವೆ ಏನಾಯಿತು?

೬. ಬಂಧಿತವೂ ಮುಕ್ತವೂ

ರಕ್ತದಲ್ಲಿರುವ ಕಾರ್ಟಿಸಾಲಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗವು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಅವುಗಳಲ್ಲಿ ಮುಖ್ಯವಾದುದು ಯಕೃತ್ತಿನಲ್ಲಿ ಹುಟ್ಟುವ ಒಂದು ವಾಹಕಪ್ರೋಟೀನು. ಅಂಟದೆ ಉಳಿಯುವುದು ನೂರಕ್ಕೆ ಸುಮಾರು ೫ ಭಾಗ ಮಾತ್ರ. ಅಂಗಾಂಗಗಳ ಮೇಲೆ ಕೆಲಸಮಾಡುವುದು ಈ ಮುಕ್ತಭಾಗವೇ. ಲಾಲಾರಸಕ್ಕೆ ಇಳಿಯುವುದೂ ಇದೇ.

ಮಾತ್ರೆಯಲ್ಲಿರುವ ಎಥಿನೈಲ್ ಈಸ್ಟ್ರಡಯಾಲ್ ಕರುಳಿನಿಂದ ಹೀರಲ್ಪಟ್ಟು ಮೊದಲು ಯಕೃತ್ತಿಗೇ ಹೋಗುತ್ತದೆ; ಅಲ್ಲಿ ಈ ವಾಹಕಪ್ರೋಟೀನಿನ ಉತ್ಪತ್ತಿಯನ್ನು ಬಹಳವಾಗಿ ಹೆಚ್ಚಿಸುತ್ತದೆ. ಹಾಸನದ ಆಲೂಗೆಡ್ಡೆಯ ಮಂಡಿಯನ್ನು ದೃಷ್ಟಾಂತವಾಗಿಟ್ಟುಕೊಳ್ಳಬಹುದು. ಗಾಡಿಯಲ್ಲಿರುವ ಮೂಟೆಯು ವ್ಯಾಪಾರಕ್ಕೆ ಒದಗುವುದಿಲ್ಲ. ನೆಲಕ್ಕಿಳಿದುದು ಮಾತ್ರ ಒದಗುತ್ತದೆ. ಗಾಡಿಗಳ ಸಂಖ್ಯೆ ಇಮ್ಮಡಿಯಾದರೆ ಮೊದಮೊದಲು ನೆಲದಲ್ಲಿ ಮಾಲು ಕಡಿಮೆಯಾಗುತ್ತದೆ. ಆಗ ಹಳ್ಳಿಗಳಿಂದ ಇನ್ನಷ್ಟು ಮಾಲನ್ನು ತರಿಸುತ್ತಾರೆ. ಕೆಲವು ದಿನಗಳಲ್ಲಿ ನೆಲದ ಮಾಲು ಮೊದಲಿನಂತಾಗಿ, ಗಾಡಿಯ ಮಾಲು ಮಾತ್ರ ಇಮ್ಮಡಿಯಾಗಿ ನಿಲ್ಲುತ್ತದೆ. ಶರೀರದಲ್ಲಿಯೂ ಹೀಗೆಯೇ. ಸಾಮಾನ್ಯಕಾಲದಲ್ಲಿ ಮುಕ್ತ ಕಾರ್ಟಿಸಾಲ್ ಹೆಚ್ಚುಕಡಮೆ ಮೊದಲಿನಂತೆಯೇ ಇರುತ್ತದೆ, ಒಟ್ಟು ಕಾರ್ಟಿಸಾಲ್ ಮಾತ್ರ ಏರಿರುತ್ತದೆ. ಆದರೆ ಕ್ಲೇಶವು ತಟ್ಟಿ ಗ್ರಂಥಿಯಿಂದ ಹಠಾತ್ತಾಗಿ ಕಾರ್ಟಿಸಾಲ್ ಹರಿದುಬಂದಾಗ, ಅಲ್ಲಿ ಬರಿದಾಗಿ ನಿಂತ ಗಾಡಿಗಳೇ ಅದರ ಬಹುಭಾಗವನ್ನು ತುಂಬಿಕೊಳ್ಳುತ್ತವೆ. ನೆಲಕ್ಕಿಳಿಯುವುದು ಸ್ವಲ್ಪ, ಲಾಲಾರಸದಲ್ಲಿ ಕಾಣುವುದೂ ಸ್ವಲ್ಪ.

ಇದೊಂದೇ ಕಾರಣವೆಂದು ಹೇಳಲಾಗದು. ಮಾತ್ರೆಯ ಚೋದಕಗಳು ಮಸ್ತಿಷ್ಕದ ಮೇಲೆ ನೇರವಾಗಿಯೂ ಕೆಲಸಮಾಡುತ್ತಿರಬಹುದೆಂದು ಶಾಸ್ತ್ರಜ್ಞರು ವಿಚಾರಿಸುತ್ತಿದ್ದಾರೆ. ಆದರೂ ಪ್ರಧಾನಕಾರಣವು ವಾಹಕದ ವೃದ್ಧಿಯೇ ಎಂಬುದಕ್ಕೆ ಒಟ್ಟು ಕಾರ್ಟಿಸಾಲಿನ ಏರಿಕೆಯಲ್ಲಿ ಭೇದವಿಲ್ಲದಿರುವುದು ಬಲವಾದ ಸಾಕ್ಷಿ.

೭. ಅನುಮಾನದ ದೋಷ

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ‘ಮಾತ್ರೆಯನ್ನು ಸೇವಿಸುವವಳಲ್ಲಿ ಕಾರ್ಟಿಸಾಲ್ ಏರುವುದಿಲ್ಲವಾದ್ದರಿಂದ ಅವಳಿಗೆ ಮನಃಕ್ಲೇಶವು ಕಡಿಮೆ, ಮಾತ್ರೆಯು ಶಾಂತಿಯನ್ನು ಕೊಡುತ್ತದೆ.’ ಈ ವಾದವು ನೋಟಕ್ಕೆ ಸರಳವಾಗಿದೆ, ನ್ಯಾಯಶಾಸ್ತ್ರದ ದೃಷ್ಟಿಯಿಂದ ದುಷ್ಟವಾಗಿದೆ.

ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ತಿಳಿದಿರುವಂತೆ, ಹೊಗೆಯಿರುವಲ್ಲೆಲ್ಲ ಬೆಂಕಿಯುಂಟು, ಬೆಂಕಿಯಿರುವಲ್ಲೆಲ್ಲ ಹೊಗೆಯಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಬರಬೇಕಾದರೆ ಹಸಿಸೌದೆಯ ಸಂಯೋಗವೆಂಬ ಉಪಾಧಿಯು ಬೇಕು. ಉಪಾಧಿಯನ್ನು ಮರೆತವನು ಹೊಗೆ ಕಾಣದಲ್ಲಿ ಬೆಂಕಿಯೂ ಇಲ್ಲವೆಂದು ಗುಂಡನ್ನು ಕೈಯಲ್ಲಿ ಹಿಡಿದು ಸುಟ್ಟುಕೊಳ್ಳುತ್ತಾನೆ. ಪ್ರಕೃತದಲ್ಲಿ ಮನಃಕ್ಲೇಶವು ಬೆಂಕಿ, ಲಾಲಾರಸದ ಕಾರ್ಟಿಸಾಲ್ ಹೊಗೆ, ವಾಹಕಪ್ರೋಟೀನು ಸಹಜಪ್ರಮಾಣದಲ್ಲಿರುವುದು ಉಪಾಧಿ. ಮಾತ್ರೆಯು ಈ ಉಪಾಧಿಯನ್ನೇ ಕೆಡಿಸಿದೆ. ಆದಕಾರಣ ಹೊಗೆಯ ಅಭಾವದಿಂದ ಬೆಂಕಿಯ ಅಭಾವವನ್ನು ಊಹಿಸಲಾಗದು. ಲಾಲಾರಸವನ್ನು ಬಿಟ್ಟು ಅವಳ ಮಾತನ್ನೇ ಕೇಳಬೇಕು.

ಇದರ ಎದುರಿನ ದೋಷವೂ ಒಂದಿದೆ. ದೂರದ ಮಂಜನ್ನು ಕಂಡು ಹೊಗೆಯೆಂದು ಭ್ರಮಿಸಿ ಬೆಟ್ಟದಲ್ಲಿ ಬೆಂಕಿಯಿದೆಯೆನ್ನುವುದು ಅಸಿದ್ಧವೆಂಬ ಹೇತ್ವಾಭಾಸ. ಮಾತ್ರೆಯನ್ನು ಸೇವಿಸುವ ಹೆಂಗಸಿನ ರಕ್ತದಲ್ಲಿ ಒಟ್ಟು ಕಾರ್ಟಿಸಾಲನ್ನು ಅಳೆದರೆ ಅದು ಹೆಚ್ಚಾಗಿಯೇ ಕಾಣುತ್ತದೆ, ಗಾಡಿಗಳಲ್ಲಿರುವುದನ್ನೆಲ್ಲ ಎಣಿಸಿದಂತಾಯಿತಲ್ಲವೇ. ಇದನ್ನು ನೋಡಿ ಅಡ್ರಿನಲ್ ಗ್ರಂಥಿಯ ರೋಗವಿದೆಯೆಂದು ಹೆದರಿಸುವುದು ಮಂಜನ್ನು ಹೊಗೆಯೆಂದಂತೆ. ಈ ಕಾರಣದಿಂದಲೇ ಕಾರ್ಟಿಸಾಲಿನ ಕೆಲವು ರಕ್ತಪರೀಕ್ಷೆಗಳಿಗೆ ಮುನ್ನ ಈಸ್ಟ್ರೊಜೆನ್ ಇರುವ ಮಾತ್ರೆಯನ್ನು ವೈದ್ಯರ ಅನುಮತಿಯಿಂದ ಸುಮಾರು ೬ ವಾರ ನಿಲ್ಲಿಸಬೇಕೆಂಬ ವಿಧಿಯಿದೆ. ನಿಲ್ಲಿಸಿದ ಕಾಲದಲ್ಲಿ ಗರ್ಭನಿರೋಧಕ್ಕೆ ಬೇರೆಯ ಉಪಾಯವನ್ನು ಮಾಡಿಕೊಳ್ಳಬೇಕು. ಒಬ್ಬಳದೇ ಶರೀರ, ಒಂದೇ ಚೋದಕ: ಲಾಲಾರಸವನ್ನು ನೋಡಿದವನು ‘ಇವಳಿಗೆ ಏನೂ ಇಲ್ಲ’ ಎನ್ನುವನು, ರಕ್ತವನ್ನು ನೋಡಿದವನು ‘ಇವಳಿಗೆ ಮಹಾರೋಗ’ವೆನ್ನುವನು. ಯಾವ ಮಾತ್ರೆಯನ್ನು ಸೇವಿಸುತ್ತಿದ್ದೀರೆಂದು ಕೇಳದ ಇಬ್ಬರೂ ತಪ್ಪುವರು.

೮. ಭೇದವನ್ನು ಮರೆಯಬಾರದು

ಮೇಲೆ ಹೇಳಿದುದೆಲ್ಲವೂ ಈಸ್ಟ್ರೊಜೆನ್ ಇರುವ ಮಾತ್ರೆಗೆ ಅನ್ವಯಿಸುವುದು. ಅಂತರಾ ಸೂಜಿಮದ್ದಿನಲ್ಲಿ ಈಸ್ಟ್ರೊಜೆನ್ ಇಲ್ಲವಾದ್ದರಿಂದ ಯಕೃತ್ತಿನ ವಾಹಕವೃದ್ಧಿಯ ವಾದವು ಅಲ್ಲಿ ಹಾಗೆಯೇ ಸಲ್ಲುವುದಿಲ್ಲ. ಅದರಲ್ಲಿರುವ ದ್ರವ್ಯವು ಕಾರ್ಟಿಸಾಲ್ ಕೂರುವ ಪೀಠದಲ್ಲಿ ತಾನೂ ಸ್ವಲ್ಪಮಟ್ಟಿಗೆ ಕೂರಬಲ್ಲುದು; ಆದುದರಿಂದ ಅದರ ವಿಚಾರವೇ ಬೇರೆ. ಗರ್ಭಾಶಯದೊಳಗಿಟ್ಟು ಲೆವೊನಾರ್‌ಜೆಸ್ಟ್ರೆಲನ್ನು ಸೂಕ್ಷ್ಮಪ್ರಮಾಣದಲ್ಲಿ ಒಸರಿಸುವ ಸಾಧನವನ್ನು ಧರಿಸಿದವರನ್ನು ಹಾಲೆಂಡ್ ದೇಶದಲ್ಲಿ ಟ್ರಿಯರ್ ವಿಧಾನದಿಂದಲೇ ಪರೀಕ್ಷಿಸಿ ೨೦೧೭ರಲ್ಲಿ ಪ್ರಕಟಿಸಿದ ಫಲವು ಮಾತ್ರೆಯದಕ್ಕೆ ವಿರುದ್ಧವಾಗಿತ್ತು: ಅವರಲ್ಲಿ ಲಾಲಾರಸದ ಕಾರ್ಟಿಸಾಲ್ ಸಾಮಾನ್ಯಕ್ಕಿಂತ ಹೆಚ್ಚಾಗಿ ಏರಿತು. ತಾಮ್ರದ ತಂತಿಯ ಕಾಪರ್-ಟಿ ಸಾಧನದಲ್ಲಿ ಚೋದಕವೇ ಇಲ್ಲ. ಛಾಯಾ ಮಾತ್ರೆಯೂ ಚೋದಕವಲ್ಲ. ಒಂದು ಗರ್ಭನಿರೋಧಕದಲ್ಲಿ ಕಂಡುದನ್ನು ಇನ್ನೊಂದಕ್ಕೆ ಆರೋಪಿಸುವುದು ಅಧ್ಯಾಸವೇ ಸರಿ.

ಕಾರ್ಟಿಸಾಲಿನ ಮಾತು ಹಾಗಿರಲಿ, ಮನಸ್ಸಿನ ಮಾತೇನು? ಡೆನ್ಮಾರ್ಕಿನಲ್ಲಿ ೧೫ರಿಂದ ೩೪ ವಯಸ್ಸಿನ ಹತ್ತು ಲಕ್ಷಕ್ಕೂ ಹೆಚ್ಚು ಸ್ತ್ರೀಯರ ದಾಖಲೆಗಳನ್ನು ಅನುಸರಿಸಿ ೨೦೧೬ರಲ್ಲಿ ಒಂದು ವರದಿಯು ಹೊರಬಂದಿತು. ಸಂಯುಕ್ತ ಮಾತ್ರೆಯನ್ನು ಬಳಸಿದವರು ವಿಷಾದರೋಗದ ಔಷಧವನ್ನು ಮೊದಲ ಸಲ ಪಡೆದ ಪ್ರಮಾಣವು ಬಳಸದವರಿಗಿಂತ ಸುಮಾರು ೧.೨ ಪಟ್ಟು, ೧೫ರಿಂದ ೧೯ ವಯಸ್ಸಿನವರಲ್ಲಿ ಸುಮಾರು ೧.೮ ಪಟ್ಟು. ಇದು ಸಹಚಾರವನ್ನು ತೋರಿಸುತ್ತದೆ. ಕಾರ್ಯಕಾರಣಭಾವವನ್ನು ಇದೊಂದೇ ಸ್ಥಾಪಿಸಲಾರದು. ಸ್ವೀಡನ್ನಿನಲ್ಲಿ ೩೪೦ ಸ್ತ್ರೀಯರನ್ನು ಚೀಟಿಯೆತ್ತಿದಂತೆ ಎರಡು ಭಾಗಮಾಡಿ, ಒಂದು ಭಾಗಕ್ಕೆ ಮಾಲಾ-ಎನ್ ಮಾತ್ರೆಯಲ್ಲಿರುವ ಚೋದಕಗಳನ್ನೇ, ಇನ್ನೊಂದು ಭಾಗಕ್ಕೆ ನಿಃಸಾರವಾದ ಮಾತ್ರೆಯನ್ನು ಮೂರು ತಿಂಗಳು ಕೊಟ್ಟು ನೋಡಿದ ಫಲವು ೨೦೧೭ರಲ್ಲಿ ಪ್ರಕಟವಾಯಿತು. ಔಷಧವನ್ನು ಪಡೆದವರು ತಮ್ಮ ಸಾಮಾನ್ಯ ಸೌಖ್ಯವು ಕುಂದಿತೆಂದು ತಿಳಿಸಿದರು. ವಿಷಾದದ ಲಕ್ಷಣಗಳಲ್ಲಿ ಗಣನೀಯವಾದ ವೃದ್ಧಿ ಕಾಣಲಿಲ್ಲ. ಇವೆರಡನ್ನೂ ಒಟ್ಟಿಗೆ ನೋಡಿದರೆ ತಾತ್ಪರ್ಯವು ಹೀಗಾಗುತ್ತದೆ: ಮಾತ್ರೆಯು ಬಹುಮಂದಿಗೆ ಮನಸ್ಸಿನ ರೋಗವನ್ನು ತರುವುದಿಲ್ಲ, ಕೆಲವರಿಗೆ, ವಿಶೇಷವಾಗಿ ಎಳೆಯ ವಯಸ್ಸಿನವರಿಗೆ, ಮನಸ್ಸು ಕುಗ್ಗಬಹುದು. ‘ಮಾತ್ರೆಯು ಹುಚ್ಚುಹಿಡಿಸುತ್ತದೆ’ ಎಂಬ ಊರಮಾತೂ ಸಲ್ಲದು. ‘ಎಲ್ಲವೂ ನಿನ್ನ ಭ್ರಮೆ’ ಎಂದು ಅವಳನ್ನು ಗದರಿಸುವುದೂ ಸಲ್ಲದು.

೯. ನಾಲ್ಕು ತಾಲ್ಲೂಕುಗಳ ಸನ್ನಿವೇಶ

ಕರ್ನಾಟಕದಲ್ಲಿ ಸಂತಾನನಿಯಮನದ ಭಾರವೆಲ್ಲವೂ ಸ್ತ್ರೀಯರ ಶಸ್ತ್ರಚಿಕಿತ್ಸೆಯ ಮೇಲೆ ಬಿದ್ದಿದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಚಿಕಿತ್ಸೆಯನ್ನು ಮಾಡಿಸಿಕೊಂಡವರು; ಮಾತ್ರೆಯನ್ನು ಬಳಸುವವರು ನೂರಕ್ಕೆ ಕೆಲವರೇ. ಒಬ್ಬ ಸ್ತ್ರೀಗೆ ಸರಾಸರಿ ೧.೭ ಮಕ್ಕಳೆಂದು ಆ ಸಮೀಕ್ಷೆಯು ಹೇಳುತ್ತದೆ. ಹೀಗಿರುವಾಗ ಮಾತ್ರೆ ಸೂಜಿಮದ್ದುಗಳು ಹೆಚ್ಚಾಗಿ ಉಪಯೋಗಕ್ಕೆ ಬರುವುದು ಹೊಸದಾಗಿ ಮದುವೆಯಾದವರಿಗೆ ಮತ್ತು ಎರಡು ಹೆರಿಗೆಗಳ ನಡುವೆ ಅಂತರವನ್ನು ಬಯಸುವವರಿಗೆ. ಎಂದರೆ, ಎಳೆಯ ವಯಸ್ಸಿನವರಿಗೇ.

ಈ ವಯಸ್ಸಿನವರ ಮನಃಕ್ಲೇಶಕ್ಕೆ ಕಾರಣಗಳನ್ನು ಪರೀಕ್ಷಾಲಯದಲ್ಲಿ ಸೃಷ್ಟಿಸಬೇಕಾಗಿಲ್ಲ. ಹಾಸನದ ಸುತ್ತ ಆಲೂಗೆಡ್ಡೆಗೆ ಅಂಗಮಾರಿ ಬಿದ್ದರೆ ಬಿತ್ತನೆಗೆಂದು ಮಾಡಿದ ಸಾಲವು ಮನೆಯ ಮೇಲೆ ನಿಲ್ಲುತ್ತದೆ. ಅರಕಲಗೂಡಿನ ಸೀಮೆಯಲ್ಲಿ ಹೊಗೆಸೊಪ್ಪಿನ ಬೆಳೆಗಾರನ ವರ್ಷದ ದುಡಿಮೆಯು ರಾಮನಾಥಪುರದ ಹರಾಜುಕಟ್ಟೆಯ ಬೆಲೆಯನ್ನು ಕಾದಿರುತ್ತದೆ. ಸೊಪ್ಪನ್ನು ಬೇಯಿಸುವ ಬ್ಯಾರನ್ನಿನ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ಚನ್ನರಾಯಪಟ್ಟಣದ ತೆಂಗಿಗೆ ನುಸಿಪೀಡೆ, ಬೆಲೆಯ ಏರಿಳಿತ. ಹೊಳೆನರಸೀಪುರದಲ್ಲಿ ಹೇಮಾವತಿಯ ನೀರನ್ನು ನಂಬಿದ ಗದ್ದೆಗಳಿಗೆ ನಾಲೆಯ ಬಾಗಿಲು ಯಾವಾಗ ತೆರೆಯುವುದೆಂಬ ಚಿಂತೆ. ಇವುಗಳ ಮೇಲೆ, ಮದುವೆಯಾದ ವರ್ಷದೊಳಗೆ ಬಸಿರಾಗಲಿಲ್ಲವೇಕೆಂಬ ಪ್ರಶ್ನೆಯನ್ನು ಸೊಸೆಯು ಒಬ್ಬಳೇ ಎದುರಿಸಬೇಕಾಗುತ್ತದೆ. ಮಾತ್ರೆಯ ವಿಷಯವನ್ನು ಅತ್ತೆಗೆ ತಿಳಿಸದೆ ಅಡಗಿಸಿಟ್ಟವಳಿಗೆ ಆ ಅಡಗಿಸುವಿಕೆಯೇ ಒಂದು ಬೇಗುದಿ.

ಸೂಜಿಮದ್ದಿನ ವಿಷಯದಲ್ಲಿ ಇನ್ನೊಂದು ವಿಶೇಷವಿದೆ. ಅದನ್ನು ಪಡೆದವರಲ್ಲಿ ಮುಟ್ಟು ಏರುಪೇರಾಗುವುದು ಮೊದಲಿನ ತಿಂಗಳುಗಳಲ್ಲಿ ಸಾಮಾನ್ಯ. ಮುಂದೆ ಕೆಲವರಿಗೆ ಮುಟ್ಟು ನಿಂತೇಹೋಗುತ್ತದೆ. ಇದು ಔಷಧದ ಸಹಜಫಲವೇ ಹೊರತು ರೋಗವಲ್ಲ, ರಕ್ತವು ಒಳಗೆ ಕಟ್ಟಿಕೊಂಡುದೂ ಅಲ್ಲ. ಔಷಧವನ್ನು ಬಿಟ್ಟಮೇಲೂ ಗರ್ಭಧಾರಣವು ಕೆಲವು ತಿಂಗಳು ತಡವಾಗಬಹುದು. ಮುಟ್ಟಿನ ದಿನಗಳನ್ನು ಮನೆಯವರೆಲ್ಲರೂ ಲೆಕ್ಕವಿಡುವ, ಮುಟ್ಟಿನ ಮಡಿಮೈಲಿಗೆಗಳನ್ನು ಆಚರಿಸುವ ಮನೆಯಲ್ಲಿ ತಿಂಗಳಲ್ಲಿ ಹದಿನೈದು ದಿನ ಕಲೆ ಕಂಡರೂ ತೊಂದರೆ, ಮೂರು ತಿಂಗಳು ಕಾಣದಿದ್ದರೂ ತೊಂದರೆ. ಇಲ್ಲಿ ಮನಃಕ್ಲೇಶವನ್ನು ತಂದುದು ಔಷಧದ ರಸವೇ, ಅದರ ಫಲವನ್ನು ಮೊದಲೇ ತಿಳಿಸದೆ ಇದ್ದ ಮೌನವೇ ಎಂಬುದನ್ನು ವಿಚಾರಿಸಬೇಕು. ಲಾಲಾರಸದ ಯಾವ ಪರೀಕ್ಷೆಯೂ ಈ ಎರಡನ್ನು ಬೇರ್ಪಡಿಸಿ ತೋರಿಸಲಾರದು.

ಹಾಸನದಲ್ಲಿ ೧೯೯೨ರಿಂದ ಆಯುರ್ವೇದದ ಮಹಾವಿದ್ಯಾಲಯವೂ ೨೦೦೬ರಿಂದ ಸರಕಾರದ ವೈದ್ಯವಿಜ್ಞಾನ ಸಂಸ್ಥೆಯೂ ನಡೆದಿವೆ. ಚರಕನನ್ನು ಓದುವವರೂ ಚೋದಕಶಾಸ್ತ್ರವನ್ನು ಓದುವವರೂ ಒಂದೇ ಊರಿನಲ್ಲಿದ್ದಾರೆ. ಎರಡು ಶಾಸ್ತ್ರಗಳೂ ಒಪ್ಪುವ ಮೊದಲ ವಿಧಿಯು ಪ್ರಶ್ನಪರೀಕ್ಷೆ, ಎಂದರೆ ರೋಗಿಯನ್ನು ಕೇಳುವುದು.

೧೦. ಉಪಸಂಹಾರ

ಇದುವರೆಗಿನ ವಿಚಾರದಿಂದ ನಾಲ್ಕು ಅಂಶಗಳು ಸಿದ್ಧವಾಗುತ್ತವೆ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಯು ಮನಃಕ್ಲೇಶಕಾಲದಲ್ಲಿ ಮುಕ್ತ ಕಾರ್ಟಿಸಾಲಿನ ಏರಿಕೆಯನ್ನು ಕುಗ್ಗಿಸುತ್ತದೆ. ಇದಕ್ಕೆ ಮುಖ್ಯಕಾರಣವು ಯಕೃತ್ತಿನಲ್ಲಿ ವಾಹಕಪ್ರೋಟೀನು ಹೆಚ್ಚುವುದು. ಇತರ ಗರ್ಭನಿರೋಧಕಗಳಲ್ಲಿ ಇದೇ ಫಲವನ್ನು ನಿರೀಕ್ಷಿಸಲಾಗದು. ಅಳತೆಯು ಕುಗ್ಗಿದುದರಿಂದ ಕ್ಲೇಶವು ಕುಗ್ಗಿತೆಂದಾಗಲಿ, ಒಟ್ಟು ಅಳತೆಯು ಏರಿದುದರಿಂದ ರೋಗವಿದೆಯೆಂದಾಗಲಿ ಅನುಮಾನಿಸಬಾರದು. ಔಷಧವನ್ನು ಆರಂಭಿಸಿದಮೇಲೆ ಮನಸ್ಸು ಕುಗ್ಗಿತೆಂದು ಹೇಳುವವಳ ಮಾತನ್ನು ಆದರದಿಂದ ಕೇಳಿ, ಬೇಕಾದಲ್ಲಿ ಉಪಾಯವನ್ನು ಬದಲಿಸಿಕೊಡಬೇಕು. ಬದಲಿಸಲು ಚೋದಕವಿಲ್ಲದ ಉಪಾಯಗಳೂ ಇವೆ.

ಸಾಹಿತ್ಯದ ಅಧ್ಯಾಪಕರಿಗೆ ಇದರಲ್ಲಿ ಕೆಲಸವೇನೆಂದು ಕೇಳಬಹುದು. ಜಗದ್ದಳ ಸೋಮನಾಥನು ೧೨ನೆಯ ಶತಮಾನದಲ್ಲಿ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದನು. ೧೪ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಖಗೇಂದ್ರಮಣಿದರ್ಪಣವೆಂಬ ಕಾವ್ಯವಾಗಿಯೇ ರಚಿಸಿದನು. ವೈದ್ಯವನ್ನು ಕನ್ನಡದಲ್ಲಿ ಹೇಳುವುದು ಕವಿಪಂಡಿತರ ಕಾರ್ಯವೆಂದು ಅವರು ತಿಳಿದಿದ್ದರು. ಇಂದು ಮಾತ್ರೆಯ ಕಾಗದದಲ್ಲಿ ಅಚ್ಚಾಗುವ ಕನ್ನಡವು ಓದಿದವರಿಗೂ ಅರ್ಥವಾಗುವಂತಿಲ್ಲ. ಬಂಧಿತ, ಮುಕ್ತ, ವಾಹಕ, ಚೋದಕ ಎಂಬ ನಾಲ್ಕು ಶಬ್ದಗಳು ಪಾಠಶಾಲೆಯಲ್ಲಿ ನೆಲೆಗೊಂಡರೆ, ಅರಕಲಗೂಡಿನ ಹುಡುಗಿಯೊಬ್ಬಳು ಮುಂದೆ ವೈದ್ಯರ ಮುಂದೆ ಕುಳಿತಾಗ ತನ್ನ ರಕ್ತದ ಕಾಗದವನ್ನು ತಾನೇ ಓದಿ ಅರ್ಥಮಾಡಿಕೊಳ್ಳುವಳು. ತಾನು ಸೇವಿಸುವ ಮಾತ್ರೆ ಯಾವುದೆಂಬುದನ್ನು ಕೇಳಿಸಿಕೊಳ್ಳುವ ಮೊದಲೇ ಹೇಳುವಳು.